ಡ್ರಮ್ಮುಗಾರನ ಪಾದ

ಪಾಶ್ಚಾತ್ಯ ವಾದ್ಯಮೇಳದ ಡ್ರಮ್ಮುಗಾರನು ಎರಡು ಕೈಗಳನ್ನೂ ಎರಡು ಕಾಲುಗಳನ್ನೂ ಏಕಕಾಲದಲ್ಲಿ ದುಡಿಸುತ್ತಾನೆ. ಈ ನಾಲ್ವರು ಶಿಷ್ಯರಲ್ಲಿ ಅತ್ಯಂತ ಮಂದಬುದ್ಧಿಯವನು ಬಲಗಾಲು. ಕೈಗಳು ಆರು ತಿಂಗಳಲ್ಲಿ ಕಲಿತುದನ್ನು ಅದು ಎರಡು ವರ್ಷವಾದರೂ ಕಲಿಯದು. ವೇಗ ಹೆಚ್ಚಿದೊಡನೆ ಬಿಗಿದುಕೊಂಡು ನಿಂತುಬಿಡುತ್ತದೆ. ಅಭ್ಯಾಸ ಸಾಲದೆಂದು ವಿದ್ಯಾರ್ಥಿಯು ತನ್ನನ್ನೇ ಹಳಿದುಕೊಳ್ಳುತ್ತಾನೆ. ಆದರೆ ಇಲ್ಲಿ ತಪ್ಪಿರುವುದು ಬಹುಮಟ್ಟಿಗೆ ಅಭ್ಯಾಸವಲ್ಲ, ಯಂತ್ರಶಾಸ್ತ್ರದ ಲೆಕ್ಕ.

ಹಿಂದೆ ಒಬ್ಬನೇ ವಾದಕನು ದೊಡ್ಡ ಬೇಸ್ ಡ್ರಮ್ಮನ್ನೂ ಸಣ್ಣ ಸ್ನೇರ್ ಡ್ರಮ್ಮನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಕೈಕೋಲುಗಳಿಂದಲೇ ಎರಡನ್ನೂ ನುಡಿಸುವ ರೂಢಿಯಿತ್ತು. ಕಾಲಿನಿಂದ ನುಡಿಸುವ ಸಾಧನಗಳು ಆಗಲೇ ಇದ್ದರೂ ಅವು ನಿಧಾನವಾಗಿದ್ದುವು. ಅಮೆರಿಕದ ಶಿಕಾಗೋ ನಗರದ ವಿಲಿಯಂ ಲಡ್ವಿಗ್ ಎಂಬ ವಾದಕನು ೧೯೦೯ರಲ್ಲಿ ಶೀಘ್ರಗತಿಯ ಪೆಡಲೊಂದಕ್ಕೆ ಪೇಟೆಂಟ್ ಪಡೆದನು. ಇಂದಿನ ಪೆಡಲುಗಳು ಅದರ ಸಂತತಿಯೇ. ಪಾದವನ್ನಿಡಲು ಒಂದು ಹಲಗೆ. ಹಲಗೆಯ ತುದಿಯಿಂದ ಮೇಲಿನ ಅಚ್ಚಿಗೆ ಒಂದು ಸರಪಳಿ ಅಥವಾ ಪಟ್ಟಿ. ಅಚ್ಚಿಗೆ ಸಿಕ್ಕಿಸಿದ ಬೀಟರ್ ಎಂಬ ಕೊಡತಿ. ಎಲ್ಲವನ್ನೂ ಹಿಂದಕ್ಕೆಳೆಯುವ ಒಂದು ಸ್ಪ್ರಿಂಗು. ಸನ್ನೆ, ಅಚ್ಚು, ಸ್ಪ್ರಿಂಗು: ನಮ್ಮ ಪ್ರಯೋಗಶಾಲೆಯ ಪರಿಚಿತರೇ.

ಈಗ ಒಂದು ಸರಳ ಪ್ರಯೋಗವನ್ನು ಮಾಡೋಣ. ಹಲಗೆಯ ಮೇಲಿಂದ ಕಾಲನ್ನು ತೆಗೆದು, ಕೊಡತಿಯನ್ನು ಬೆರಳಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿ ಬಿಟ್ಟುಬಿಡೋಣ. ಅದು ಲೋಲಕದಂತೆ ಕೆಲಕಾಲ ಹಿಂದುಮುಂದಾಗಿ ತೂಗುತ್ತದೆ. ಹತ್ತು ಆಂದೋಲನಗಳಿಗೆ ಹಿಡಿದ ಕಾಲವನ್ನು ಅಳೆದರೆ ಪೆಡಲಿನ ಸಹಜ ಆವೃತ್ತಿ ದೊರೆಯುತ್ತದೆ. ಸ್ಪ್ರಿಂಗನ್ನು ಬಿಗಿಗೊಳಿಸಿದರೆ ಅದು ಏರುತ್ತದೆ. ಪಾದದ ತೂಕ ಹಲಗೆಯ ಮೇಲೆ ಕೂಡಿದಾಗ ಇಳಿಯುತ್ತದೆ. ತೊಟ್ಟಿಲನ್ನು ಅದರ ಗತಿಗೆ ಹೊಂದಿಕೊಂಡು ತೂಗುವ ತಾಯಿಗೆ ಶ್ರಮ ಕಡಿಮೆ. ಎದುರು ಗತಿಯಲ್ಲಿ ತಳ್ಳಿದರೆ ಕೈ ನೋಯುತ್ತದೆ. ಪೆಡಲೂ ಹಾಗೆಯೇ. ಅತಿ ಬಿಗಿಯಾದ ಸ್ಪ್ರಿಂಗು ವೇಗವನ್ನು ತರುವುದೆಂದು ನಂಬಿ ಅದನ್ನು ಕೊನೆಯ ಸುತ್ತಿನವರೆಗೂ ತಿರುಗಿಸುವವರುಂಟು. ಪ್ರತಿ ಪೆಟ್ಟಿನಲ್ಲಿಯೂ ಆ ಬಿಗಿತದೊಡನೆ ಸೆಣಸಬೇಕಾದವನು ತಾವೇ ಎಂಬುದನ್ನು ಅವರು ಮರೆಯುತ್ತಾರೆ.

ಇನ್ನು ಕಾಲಿನ ವಿಚಾರ. ಮನುಷ್ಯನ ಒಂದು ಇಡೀ ಕಾಲಿನ ತೂಕ ದೇಹದ ತೂಕದ ಸುಮಾರು ನೂರಕ್ಕೆ ಹದಿನಾರು ಪಾಲು. ಬರಿಯ ಪಾದದ್ದು ನೂರಕ್ಕೆ ಒಂದೂವರೆಗಿಂತ ಹೆಚ್ಚಲ್ಲ. ಅರುವತ್ತು ಕಿಲೋಗ್ರಾಂ ತೂಗುವ ವಿದ್ಯಾರ್ಥಿಯ ಕಾಲು ಹತ್ತು ಕಿಲೋಗ್ರಾಮಿನ ಹತ್ತಿರ, ಪಾದವು ಒಂದು ಕಿಲೋಗ್ರಾಮಿಗಿಂತ ಕಡಿಮೆ. ಹಿಮ್ಮಡಿಯನ್ನೆತ್ತಿ ನುಡಿಸುವಾಗ ಚಲಿಸುವುದು ಮೊದಲನೆಯದು. ಹಿಮ್ಮಡಿಯನ್ನೂರಿ ನುಡಿಸುವಾಗ ಎರಡನೆಯದು. ಗಂಭೀರವಾದ ಪೆಟ್ಟು ಮೊದಲ ಕ್ರಮದಲ್ಲಿ ಸುಲಭವಾಗಿ ಬರುವುದಕ್ಕೆ ಇದೇ ಕಾರಣ.

ಆದರೆ ಈ ತೂಕಕ್ಕೆ ಒಂದು ಬೆಲೆಯುಂಟು. ಮೊಣಕಾಲು ಒಟ್ಟು ನಾಲ್ಕು ಸೆಂಟಿಮೀಟರು ಮೇಲೆ ಕೆಳಗೆ ಚಲಿಸುತ್ತದೆನ್ನೋಣ. ಅಂದರೆ ಮಧ್ಯದಿಂದ ಎರಡೆರಡು. ಚಲನೆಯನ್ನು ಸರಳ ಸಂಗತ ಚಲನೆಯೆಂದು ಭಾವಿಸಿದರೆ, ಸೆಕೆಂಡಿಗೆ ೨ ಪೆಟ್ಟುಗಳಿದ್ದಾಗ ಗರಿಷ್ಠ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ಸುಮಾರು ೩.೨ ಮೀಟರು. ಪೆಟ್ಟುಗಳು ೪ ಆದರೆ ಅದು ೧೨.೬ ಮೀಟರು! ಭೂಮಿಯ ಆಕರ್ಷಣೆಯಿಂದ ದೊರೆಯುವುದಾದರೋ ೯.೮ ಮಾತ್ರ. ಕಾಲು ತೊಡೆಯ ಕೀಲಿನ ಸುತ್ತ ತಿರುಗುವುದರಿಂದ ಈ ಲೆಕ್ಕ ಸ್ಥೂಲವಾದುದು. ಆದರೂ ಅರ್ಥ ಸ್ಪಷ್ಟವಾಗಿದೆ. ನಿಧಾನಗತಿಯಲ್ಲಿ ಕಾಲು ತಾನೇ ಬೀಳುತ್ತದೆ, ನಾವು ಎತ್ತಿದರೆ ಸಾಕು. ಸೆಕೆಂಡಿಗೆ ಮೂರೂವರೆ ಪೆಟ್ಟುಗಳನ್ನು ದಾಟಿದ ಮೇಲೆ ಬೀಳುವಷ್ಟು ವ್ಯವಧಾನ ಅದಕ್ಕಿಲ್ಲ. ಸ್ನಾಯುಗಳು ಅದನ್ನು ಕೆಳಕ್ಕೂ ಎಳೆಯಬೇಕು, ಮೇಲಕ್ಕೂ ಎಳೆಯಬೇಕು. ಪರಸ್ಪರ ವಿರೋಧಿಗಳಾದ ಎರಡು ಸ್ನಾಯುಸಮೂಹಗಳು ಒಟ್ಟಿಗೆ ಬಿಗಿದಾಗ ತೊಡೆ ಮರಗಟ್ಟುತ್ತದೆ. ವಿದ್ಯಾರ್ಥಿಯು ಕಾಣುವ ಗೋಡೆ ಇದೇ.

ಗೋಡೆಯನ್ನು ಹಾರಬೇಕಿಲ್ಲ, ಬಳಸಿ ಹೋಗಬಹುದು. ಆವೃತ್ತಿ ಇಮ್ಮಡಿಸಿದರೆ ಚಲನೆಯ ವಿಸ್ತಾರವನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಬೇಕು. ಸೆಕೆಂಡಿಗೆ ೬ ಪೆಟ್ಟುಗಳಿಗೆ ಮೊಣಕಾಲಿನ ಒಟ್ಟು ಚಲನೆ ಒಂದೂವರೆ ಸೆಂಟಿಮೀಟರಿಗೂ ಕಡಿಮೆಯಿರಬೇಕು. ಉಳಿದ ಕೆಲಸ ಕಣಕಾಲಿನದು. ಇನ್ನೊಂದು ಉಪಾಯ ಮತ್ತೂ ಚಮತ್ಕಾರದ್ದು. ಮೊದಲ ಪೆಟ್ಟಿನ ಬಳಿಕ ಪಾದವನ್ನು ಹಲಗೆಯ ಮೇಲೆ ತುಸು ಮುಂದಕ್ಕೆ ಜಾರಿಸಿ ಎರಡನೆಯ ಪೆಟ್ಟನ್ನು ಕೊಡುವುದು. ಭಾರವಾದ ಕಾಲು ಬೀಳುವುದು ಒಂದೇ ಸಲ, ಪೆಟ್ಟು ಎರಡು. ಲೆಡ್ ಜೆಪ್ಪೆಲಿನ್ ಮೇಳದ ಜಾನ್ ಬಾನಮ್ ೧೯೬೯ರ ಮೊದಲ ಧ್ವನಿಮುದ್ರಿಕೆಯಲ್ಲಿ ಒಂದೇ ಪೆಡಲಿನಿಂದ ಹೊರಡಿಸಿದ ಜೋಡಿಪೆಟ್ಟುಗಳನ್ನು ಕೇಳಿ ಬೆರಗಾಗದ ಡ್ರಮ್ಮುಗಾರರು ವಿರಳ.

ಕೊಡತಿಯನ್ನು ಚರ್ಮದ ಮೇಲೆ ಒತ್ತಿಹಿಡಿಯಬೇಕೆ, ಬಿಡಬೇಕೆ ಎಂಬ ವಾದವೂ ಇದೆ. ಒತ್ತಿದರೆ ಚರ್ಮದ ಕಂಪನ ಅಡಗಿ ನಾದ ಮೊಟಕಾಗುತ್ತದೆ. ಕೆಲವು ಸಂಗೀತಕ್ಕೆ ಅದೇ ಬೇಕು. ಆದರೆ ಬಿಗಿದ ಚರ್ಮವೂ ಒಂದು ಸ್ಪ್ರಿಂಗು. ಪೆಟ್ಟಿನ ಶಕ್ತಿಯ ಒಂದು ಭಾಗವನ್ನು ಅದು ಕೊಡತಿಗೆ ಹಿಂದಿರುಗಿಸುತ್ತದೆ. ಒತ್ತಿಹಿಡಿದವನು ಈ ದಾನವನ್ನು ನಿರಾಕರಿಸಿದಂತೆ. ಒತ್ತಡವು ಅರೆಮನಸ್ಸಿನದಾದರಂತೂ ಕೊಡತಿಯು ಪುಟಿದು ಬೇಡದ ಎರಡನೆಯ ಸದ್ದನ್ನು ಮಾಡುತ್ತದೆ. ಮೊದಲು ಬಿಡುವುದನ್ನು ಕಲಿಯುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಅಭ್ಯಾಸಕ್ಕೆ ಮೆಟ್ರೊನೋಮನ್ನು ನಿಮಿಷಕ್ಕೆ ೬೦ಕ್ಕೆ ಇಟ್ಟು, ಹಿಮ್ಮಡಿಯನ್ನೂರಿ ತಟ್ಟಿಗೊಂದರಂತೆ ಮೆಲ್ಲನೆ ನುಡಿಸಬೇಕು. ಪ್ರತಿ ಪೆಟ್ಟಿನ ಬಳಿಕ ಕೊಡತಿಯು ಪೂರ್ತಿ ಹಿಂದಿರುಗಿತೇ ಎಂದು ಕಣ್ಣಿನಿಂದಲೇ ನೋಡಬೇಕು. ಅನಂತರ ತಟ್ಟಿಗೆ ಎರಡು, ಮೂರು, ನಾಲ್ಕು. ನಾಲ್ಕಕ್ಕೆ ಬಂದಾಗ ಮೇಲೆ ಹೇಳಿದ ಗಡಿಯನ್ನು ದಾಟಿರುತ್ತೇವೆ. ಆಗ ಪೆಟ್ಟನ್ನು ಬಲಪಡಿಸದೆ ಚಲನೆಯನ್ನು ಕಿರಿದುಗೊಳಿಸಬೇಕು. ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯು ಮೊದಮೊದಲು ಬೇಗ ದಣಿಯುತ್ತದೆ, ಏಕೆಂದರೆ ಪಾದದ ಮುಂಭಾಗವನ್ನು ಎತ್ತುವ ಕೆಲಸ ಅದರದು. ದಣಿವಾದರೆ ವಿಶ್ರಾಂತಿ ಸಾಕು; ನೋವಾದರೆ ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು. ಡ್ರಮ್ಮಿಲ್ಲದ ಮನೆಯಲ್ಲಿ, ಕುರ್ಚಿಯ ಮೇಲೆ ಕುಳಿತು ಬರಿಯ ನೆಲದ ಮೇಲೂ ಇಷ್ಟನ್ನು ಸಾಧಿಸಬಹುದು, ಸ್ಪ್ರಿಂಗಿನ ಸಹಾಯವೊಂದನ್ನು ಬಿಟ್ಟು.