ಅವರೆಕಾಯಿ ಕಾಲದಲ್ಲಿ ನೈದಿಲೆ ಉಳಿಸಿಕೊಳ್ಳುವ ಸೂತ್ರಗಳು

ಮಾಲೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ತಾರಸಿಯ ಟಬ್‌ನಲ್ಲಿರುವ ನೈದಿಲೆ ಆಗ ಎಲೆ ಸಣ್ಣದು ಮಾಡಿಕೊಂಡು ಹೂ ಬಿಡುವುದನ್ನು ನಿಲ್ಲಿಸಿಬಿಡಬಹುದು. ಗಿಡ ಸತ್ತಿತೆಂದು ಚೆಲ್ಲಬೇಡಿ.

1. ಜಾತಿ ಗುರುತಿಸಿ. ಎಲೆಯಂಚು ಗರಗಸದಂತಿದ್ದು, ಹೂ ನೀರಿನಿಂದ ಗೇಣುದ್ದ ಮೇಲೆದ್ದರೆ ಅದು ಉಷ್ಣವಲಯದ್ದು. ನೀಲಿ, ನೇರಳೆ ಹೂವಿನವು ಬಹುಪಾಲು ಇದೇ ಗುಂಪು. ಚಳಿಯ ಚಿಂತೆ ಇವಕ್ಕೇ ಹೆಚ್ಚು.

2. ದೀಪಾವಳಿ ಮುಗಿದ ಮೇಲೆ ಗೊಬ್ಬರ ಬೇಡ. ಗಿಡ ಉಣ್ಣದ ಗೊಬ್ಬರವನ್ನು ಪಾಚಿ ಉಣ್ಣುತ್ತದೆ.

3. ಮನೆಯೊಳಗೆ ತರಬೇಡಿ, ಜಾಗ ಬದಲಿಸಿ. ನಮ್ಮ ಚಳಿ ಇದನ್ನು ಕೊಲ್ಲುವಷ್ಟಿಲ್ಲ. ನಡುಮನೆಯ ಕತ್ತಲು ಕೊಲ್ಲಬಹುದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣದ ಮೂರಡಿ ಪ್ಯಾರಾಪೆಟ್‌ನ ನೆರಳು ನಡುಮಧ್ಯಾಹ್ನವೂ ಎರಡಡಿ ದಾಟುತ್ತದೆ. ಅದರ ಬುಡದಲ್ಲಿಟ್ಟ ಟಬ್‌ಗೆ ಬಿಸಿಲೇ ಇಲ್ಲ. ಉತ್ತರದ ಪ್ಯಾರಾಪೆಟ್‌ಗೆ ಒತ್ತಿ ಇಡಿ. ಬಿಸಿಲು ನೇರವಾಗಿ ಬೀಳುತ್ತದೆ, ಕಾದ ಗೋಡೆ ಸಂಜೆಯ ಮೇಲೂ ಬಿಸಿ ಬಿಡುತ್ತಿರುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಸಿಗಲೇಬೇಕು.

4. ಟಬ್ ದೊಡ್ಡದಿರಲಿ. ನೀರು ಹೆಚ್ಚಿದ್ದಷ್ಟೂ ರಾತ್ರಿ ನಿಧಾನವಾಗಿ ತಣ್ಣಗಾಗುತ್ತದೆ.

5. ನೀರು ತುಂಬಿಸುವುದು ಮಧ್ಯಾಹ್ನ. ಇರುಳೆಲ್ಲ ಚಳಿಯಲ್ಲಿದ್ದ ಓವರ್‌ಹೆಡ್ ಟ್ಯಾಂಕಿನ ನೀರನ್ನು ಬೆಳಗ್ಗೆ ಸುರಿಯಬೇಡಿ. ಆಗ ತಾನೇ ಬೋರ್‌ವೆಲ್‌ನಿಂದ ಬಂದ ನೀರಾದರೆ ಬೆಚ್ಚಗಿರುತ್ತದೆ, ಯಾವ ಹೊತ್ತಿಗಾದರೂ ಸರಿ.

6. ಎಲೆ ಪೂರ್ತಿ ಹೋಗಿದ್ದರೆ ಗೆಡ್ಡೆ ತೆಗೆಯಿರಿ. ಮಣ್ಣಿನಲ್ಲಿ ಕೈಯಾಡಿಸಿದರೆ ಅಡಿಕೆಯಿಂದ ನಿಂಬೆಹಣ್ಣಿನವರೆಗಿನ ಗಾತ್ರದ ಕಪ್ಪು ಗೆಡ್ಡೆ ಸಿಗುತ್ತದೆ. ಬೇರು ಕತ್ತರಿಸಿ ತೊಳೆದು, ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವವಿದೆ, ಮೆತ್ತಗಾಗಿ ನಾತ ಹೊಡೆದರೆ ಎಸೆಯಿರಿ. ಒದ್ದೆ ಮರಳು ತುಂಬಿದ ಡಬ್ಬಿಯಲ್ಲಿ ಹೂತು, ಮೇಲೆ ಬಣ್ಣದ ಹೆಸರು ಬರೆದು, ಮನೆಯ ತಂಪು ಮೂಲೆಯಲ್ಲಿಡಿ. ಒಳಗೆ ತರಬೇಕಾದದ್ದು ಇಷ್ಟೇ. ಫ್ರಿಜ್ ಖಂಡಿತ ಬೇಡ. ತಿಂಗಳಿಗೊಮ್ಮೆ ತೆರೆದು ಕೊಳೆತಿದೆಯೇ ನೋಡಿ.

7. ಶಿವರಾತ್ರಿ ಕಳೆದ ಮೇಲೆ ಎಬ್ಬಿಸಿ. ನೀರು 21 ಡಿಗ್ರಿ ದಾಟಿರಬೇಕು. ಸಣ್ಣ ಕುಂಡ, ಮೇಲೆ ನಾಲ್ಕು ಬೆರಳು ನೀರು ಸಾಕು. ಗೆಡ್ಡೆಯಿಂದ ತೆಳ್ಳನೆ ದಂಟು ಹೊರಟು ಅದರ ತುದಿಯಲ್ಲಿ ಮರಿ ಗಿಡ ಮೂಡುತ್ತದೆ. ಅದಕ್ಕೆ ಬೇರು ಬಂದ ಮೇಲೆ ಚಿವುಟಿ ಬೇರೆ ನೆಡಿ, ಗೆಡ್ಡೆಯನ್ನು ಮತ್ತೆ ಹೂಳಿ. ಅದೇ ಗೆಡ್ಡೆ ಇನ್ನೊಂದು ಮರಿ ಕೊಡುವುದುಂಟು!

8. ಮಣ್ಣಿಗೆ ನರ್ಸರಿಗೆ ಓಡಬೇಡಿ. ಕೊಕೊಪೀಟ್ ತೇಲುತ್ತದೆ, ಕಾಂಪೋಸ್ಟ್ ಕೊಳೆಯುತ್ತದೆ. ಹೆಂಚು, ಇಟ್ಟಿಗೆಗೆ ಹೆಸರಾದ ತಾಲ್ಲೂಕಿನಲ್ಲಿ ಅಂಟು ಮಣ್ಣಿಗೆ ಬರವೇ?

9. ಗಪ್ಪಿ ಮೀನು ಬಿಡಿ. ಹೂವಿಲ್ಲದ ಟಬ್ ಕಡೆ ಯಾರೂ ನೋಡುವುದಿಲ್ಲ, ಸೊಳ್ಳೆಯೊಂದನ್ನು ಬಿಟ್ಟು.

10. ನ್ಯೂಜೆರ್ಸಿಯಲ್ಲಿರುವ ಮಗಳಿಗೂ ಇದು ಬೇಕೇ? ಅಲ್ಲಿ ಕೊಳದ ಮೇಲೆ ಮಂಜುಗಡ್ಡೆ ಕಟ್ಟುವುದರಿಂದ, ಅದಕ್ಕೆ ಮೊದಲೇ ಗೆಡ್ಡೆ ಒಳಗೆ ಹೋಗಬೇಕು. 13ರಿಂದ 15 ಡಿಗ್ರಿಯ ಬೇಸ್‌ಮೆಂಟ್ ಸಾಕು. ಆದರೆ ಇಲ್ಲಿಂದ ಗೆಡ್ಡೆಯನ್ನು ಸೂಟ್‌ಕೇಸಿನಲ್ಲಿ ಒಯ್ಯಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಗೆಡ್ಡೆಯನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡವೂ ಬೀಳಬಹುದು. ಅಲ್ಲಿಯ ನರ್ಸರಿಯಲ್ಲೇ ಕೊಳ್ಳಲು ಹೇಳಿ.