ಪರದೇಶದ ಅನ್ನ, ಪರದೇಶದ ಮಾತು



ನಮ್ಮಲ್ಲಿ ಯಾರಾದರೂ ನಾಲ್ಕು ಹರದಾರಿ ದೂರದ ಬೀಗರ ಊರಿಗೆ ಹೋದರೆ, ಮೂರನೆಯ ದಿನವೇ “ಇಲ್ಲಿಯ ನೀರು ನನಗೆ ಒಗ್ಗದು” ಎಂದು ಗಂಟು ಕಟ್ಟುವದುಂಟು. ಹೀಗಿರಲಾಗಿ, ಯಾರ ಬಲವಂತವೂ ಇಲ್ಲದೆ ತಾನಾಗಿಯೇ ಪರದೇಶಕ್ಕೆ ಸೇವೆಗೆ ಹೋದವನು ಅಲ್ಲಿ ದಿನದಿನದ ಬಾಳನ್ನು ಹೇಗೆ ನಡಿಸುತ್ತಾನೆಂಬದು ವಿಚಾರಿಸತಕ್ಕ ಸಂಗತಿ. ಹೊರಡುವದಕ್ಕೆ ಒಂದು ದಿನದ ಧೈರ್ಯವು ಸಾಕು. ಅಲ್ಲಿ ಇರುವದಕ್ಕಾದರೋ ಉಣ್ಣುವಾಗಲೂ ಮಲಗುವಾಗಲೂ ಬಾಯಿ ತೆರೆದು ಮಾತಾಡುವಾಗಲೂ ಆ ಧೈರ್ಯವನ್ನು ಹೊಸದಾಗಿ ತಂದುಕೊಳ್ಳಬೇಕಾಗುತ್ತದೆ. ಇದನ್ನು ತಿಳಿಯುವ ಹಾಗೆ ವೈದ್ಯರಾದ ದ್ವಾರಕಾನಾಥ ಕೋಟ್ಣೀಸರ ಚರಿತ್ರೆಯನ್ನು ನೋಡೋಣ.

ಇವರು 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಅದು ಮರಾಠಿಯೂ ಕನ್ನಡವೂ ತೆಲುಗೂ ಬೀದಿಯಲ್ಲಿ ಕೇಳಬರುವ ಪಟ್ಟಣ. ವೈದ್ಯಶಾಸ್ತ್ರವನ್ನು ಮುಂಬಯಿಯಲ್ಲಿ ಕಲಿತರು. 1937ರಲ್ಲಿ ಜಪಾನಿನ ಸೈನ್ಯವು ಚೀನಾ ದೇಶದ ಮೇಲೆ ಬೀಳಲು, ಗಾಯಪಟ್ಟವರು ಅಸಂಖ್ಯರಾಗಿ ವೈದ್ಯರು ಸಾಲದೆ ಹೋದರು. ಅಲ್ಲಿಯ ಸೇನಾಪತಿಯಾದ ಝೂ ದ ಎಂಬವರು ಜವಾಹರಲಾಲ ನೆಹರೂರವರಿಗೆ ಸಹಾಯ ಬೇಡಿ ಬರೆದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಿಂದ ಹಣವನ್ನು ಕೂಡಿಸಿ, ಐದು ಮಂದಿ ವೈದ್ಯರನ್ನು ಕಳುಹಿಸುವದಕ್ಕೆ ಏರ್ಪಾಟು ಮಾಡಿದರು. 1938ರ ಸೆಪ್ಟೆಂಬರ್ ತಿಂಗಳಲ್ಲಿ ಇವರು ಮುಂಬಯಿಯಲ್ಲಿ ಹಡಗು ಹತ್ತಿದರು. ಕೋಟ್ಣೀಸರಿಗೆ ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ.

ಅಲ್ಲಿ ಮೊದಲು ಬದಲಾದ ಸಂಗತಿಗಳಲ್ಲಿ ಒಂದು ಅವರ ಹೆಸರು. ಚೀನಾದವರಿಗೆ ನಮ್ಮ ಹಾಗೆ ಅಕ್ಷರಮಾಲೆಯಿಲ್ಲ. ಒಂದೊಂದು ಉಚ್ಚಾರಕ್ಕೂ ಅರ್ಥವುಳ್ಳ ಒಂದೊಂದು ಚಿಹ್ನೆಯುಂಟು. ಕೋಟ್ಣೀಸ್ ಎಂಬದು ಆ ಲಿಪಿಯಲ್ಲಿ ಕೂಡದೆ ‘ಕ ದಿಹ್ವಾ’ ಎಂದಾಯಿತು. ಕಡೆಯ ‘ಹ್ವಾ’ ಎಂಬದಕ್ಕೆ ಚೀನಾ ಎಂದೇ ಅರ್ಥ. ಐವರೂ ತಮ್ಮ ಹೆಸರುಗಳ ಕಡೆಯಲ್ಲಿ ಅದನ್ನೇ ಇಟ್ಟುಕೊಂಡರು. ಹೆಸರಿನಲ್ಲಿ ಒಂದು ದೀರ್ಘ ತಪ್ಪಿದರೆ ಮುಖ ಗಂಟಿಕ್ಕುವವರು ನಮ್ಮಲ್ಲಿ ಇದ್ದಾರೆ. ಅವರು ಇದನ್ನು ಗಮನಿಸಲಿ.

ಅವರು ಇನ್ನೂ ಚುಂಗ್‌ಕಿಂಗ್ ಪಟ್ಟಣದಲ್ಲಿರುವಾಗ, ಊರಲ್ಲಿ ತಂದೆ ತೀರಿಕೊಂಡರೆಂಬ ಸುದ್ದಿ ಮುಟ್ಟಿತು. ಈಗಿನಂತೆ ಒಂದು ದಿನದಲ್ಲಿ ಹಾರಿ ಬರುವ ಕಾಲವಲ್ಲ. ಹಿಂದಿರುಗಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೂ ಅವರು ಹಿಂದಿರುಗದೆ ಸಂಗಡಿಗರ ಜೊತೆಯಲ್ಲಿ ಉತ್ತರದಿಕ್ಕಿನ ಯೆನಾನಿಗೆ ಹೊರಟರು. ಪರದೇಶದ ಕಷ್ಟವೆಂದರೆ ಚಳಿ ಹಸಿವುಗಳೇ ಎಂದು ನಾವು ಎಣಿಸುತ್ತೇವೆ. ಮನೆಯವರ ದುಃಖದಲ್ಲಿ ಕೈ ಹಿಡಿಯಲಾರದೆ ದೂರದಲ್ಲಿ ನಿಲ್ಲುವದೇ ಅದಕ್ಕಿಂತ ಕಠಿಣವಾದದ್ದೆಂದು ನನಗೆ ತೋರುತ್ತದೆ.

1939ರ ಫೆಬ್ರವರಿಯಲ್ಲಿ ಯೆನಾನನ್ನು ಮುಟ್ಟಿದರು. ಆ ಸೀಮೆಯ ಗುಡ್ಡಗಳು ಹಳದಿ ಮಣ್ಣಿನವು. ಜನರು ಗುಡ್ಡದ ಮಗ್ಗುಲನ್ನು ಕೊರೆದು ಗವಿಯಂಥ ಮನೆಗಳನ್ನು ಮಾಡಿಕೊಳ್ಳುತ್ತಾರೆ. ಬಾಗಿಲು ಕಮಾನಿನಂತಿದ್ದು, ಕಿಟಕಿಗೆ ಗಾಜಿನ ಬದಲು ಕಾಗದವನ್ನು ಅಂಟಿಸುತ್ತಿದ್ದರು. ಅದು ಬೇಸಿಗೆಯಲ್ಲಿ ತಂಪಾಗಿಯೂ ಚಳಿಗಾಲದಲ್ಲಿ ಬೆಚ್ಚಗೂ ಇರುತ್ತದೆ. ಚಳಿಗಾಲವೋ ಹೊರಗಿಟ್ಟ ನೀರು ಕಲ್ಲಾಗುವಂಥದ್ದು. ಅದಕ್ಕಾಗಿ ಉತ್ತರ ಚೀನಾದವರು ಮನೆಯೊಳಗೆ ‘ಕಾಂಗ್’ ಎಂಬ ಇಟ್ಟಿಗೆಯ ಜಗಲಿಯನ್ನು ಕಟ್ಟುತ್ತಾರೆ. ಅಡಿಗೆಯ ಒಲೆಯ ಹೊಗೆಯು ಆ ಜಗಲಿಯ ಒಳಗಿನಿಂದ ಹಾದುಹೋಗುವದರಿಂದ ಮೇಲೆ ಮಲಗಿದವರಿಗೆ ಬಿಸಿ ತಗಲುತ್ತದೆ. ಹೊಗೆಯಿಂದಲೂ ಪ್ರಯೋಜನ ಪಡೆಯುವ ಈ ಉಪಾಯವನ್ನು ಓದಿ ನನಗೆ ಬಹಳ ಸಂತೋಷವಾಯಿತು. ನಮ್ಮ ಅಡಿಗೆಮನೆಗಳಲ್ಲಿ ಹೊಗೆಯು ಹೆಂಗಸರ ಕಣ್ಣನ್ನು ಕೆಡಿಸುವದಲ್ಲದೆ ಮತ್ತೇನು ಮಾಡುತ್ತದೆ?

ಊಟದ ಮಾತಿಗೆ ಬಂದರೆ, ಆಗ ಅಲ್ಲಿ ಬಡವರಿಗೂ ಸೈನಿಕರಿಗೂ ದಿನದ ಆಹಾರವು ನಮ್ಮ ನವಣೆಯೇ ಆಗಿತ್ತು. ಚೀನಾದವರು ಸಾವಿರಾರು ವರುಷಗಳಿಂದ ಅದನ್ನು ಬೆಳೆಯುತ್ತಾರೆ. ಅದರ ಗಂಜಿಯನ್ನು ಕುಡಿದು, ಅನ್ನವನ್ನು ಎರಡು ಕಡ್ಡಿಗಳಿಂದ ಎತ್ತಿ ಉಣ್ಣುತ್ತಾರೆ. ನವಣೆಯನ್ನು ಬಲ್ಲ ನಾಡಿನಿಂದ ಹೋದವರಿಗೆ ಧಾನ್ಯವು ಹೊಸದೆನಿಸಲಿಕ್ಕಿಲ್ಲ. ಆದರೆ ಹುಳಿ, ಖಾರ, ಒಗ್ಗರಣೆ ಇಲ್ಲದೆ ದಿನವೂ ಅದೊಂದನ್ನೇ ಉಣ್ಣುವದು ಬೇರೆ ಮಾತು.

ಇವೆಲ್ಲಕ್ಕಿಂತ ದೊಡ್ಡ ಬೆಟ್ಟವು ಭಾಷೆ. ಚೀನೀ ಮಾತಿನಲ್ಲಿ ರಾಗ ತಪ್ಪಿದರೆ ಅರ್ಥವೇ ತಪ್ಪುತ್ತದೆ. ‘ಮಾಯ್’ ಎಂಬದನ್ನು ಧ್ವನಿ ತಗ್ಗಿಸಿ ಏರಿಸಿ ನುಡಿದರೆ ಕೊಳ್ಳುವದು. ಅದನ್ನೇ ಮೇಲಿನಿಂದ ಥಟ್ಟನೆ ಇಳಿಸಿದರೆ ಮಾರುವದು. ಸಂತೆಯಲ್ಲಿ ಇದರಿಂದ ನಗೆಯಾಗಬಹುದು. ರೋಗಿಯ ಮಂಚದ ಬಳಿಯಲ್ಲಿ ತಪ್ಪು ತಿಳಿದರೆ ಪ್ರಾಣಕ್ಕೇ ಅಪಾಯ. ದುಭಾಷಿಯನ್ನಿಟ್ಟುಕೊಂಡು ಕೆಲಸ ಸಾಗಿಸಬಹುದಾಗಿತ್ತು. ಕೋಟ್ಣೀಸರು ಹಾಗೆ ಮಾಡದೆ, ಪಟ್ಟವನ್ನು ಪಡೆದ ವೈದ್ಯರಾಗಿದ್ದರೂ ಓನಾಮ ತಿದ್ದುವ ಹುಡುಗನಂತೆ ಕೂತು, ಮಾತಾಡುವದನ್ನೂ ಓದುವದನ್ನೂ ಬರೆಯುವದನ್ನೂ ಕಲಿತರು. ಕಲಿಸುವದಕ್ಕೆಂದು ಬಂದವನಿಗೆ ಕಲಿಯುವದು ಎಷ್ಟು ಕಷ್ಟವೆಂಬದನ್ನು ಉಪದೇಶಿಯಾದ ನಾನು ಚೆನ್ನಾಗಿ ಬಲ್ಲೆನು. ಹೊಸ ಊರಿನಲ್ಲಿ ಒಬ್ಬ ಅಜ್ಜಿಯು ನನ್ನ ಮಾತನ್ನು ತಿದ್ದಿದಾಗ ನನಗೆ ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು.

ಸಂಗಡ ಹೋದವರಲ್ಲಿ ಮೂವರು ಮೊದಲೇ ಸ್ವದೇಶಕ್ಕೆ ಹಿಂದಿರುಗಿದರು. ವೈದ್ಯ ಬಸು ಎಂಬವರು 1943ರ ತನಕ ಇದ್ದರು. ಹಿಂದಿರುಗಿದ್ದನ್ನು ನಾವು ಹೇಡಿತನವೆನ್ನಬಾರದು. ಒಪ್ಪಿದ ಕೆಲಸವನ್ನು ಮಾಡಿಯೇ ಬಂದರು. ಕೋಟ್ಣೀಸರು ಯುದ್ಧವು ನಡೆಯುತ್ತಿದ್ದ ಗುಡ್ಡಸೀಮೆಗೆ ಮುಂದರಿದರು. ಅಲ್ಲಿ ಕೆನಡಾ ದೇಶದ ವೈದ್ಯ ನಾರ್ಮನ್ ಬೆಥ್ಯೂನರು ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳು ಕೊಯ್ದುಕೊಂಡು, ವಿಷವೇರಿ, 1939ರ ನವೆಂಬರಿನಲ್ಲಿ ತೀರಿಹೋಗಿದ್ದರು. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ಣೀಸರು ಮುಖ್ಯಸ್ಥರಾದರು. ವಿದ್ಯಾರ್ಥಿಗಳಿಗೆ ಚೀನೀ ಭಾಷೆಯಲ್ಲಿಯೇ ಪಾಠ ಹೇಳಿದರು. ಅದೇ ವರುಷ, ಅಲ್ಲಿ ದಾದಿಯರಿಗೆ ಪಾಠ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಎಂಬವರನ್ನು ಮದುವೆಯಾದರು.

ಇಷ್ಟರೊಳಗೆ ಶರೀರವು ಸೋತಿತ್ತು. ಮೂರ್ಛೆರೋಗವು ಮೇಲಿಂದ ಮೇಲೆ ಬರತೊಡಗಿತು. ಕೆಲಸ ಬಿಟ್ಟು ಬೇರೆಡೆಗೆ ಚಿಕಿತ್ಸೆಗೆ ಹೋಗಿರೆಂದು ಸಂಗಡಿಗರು ಹೇಳಿದರೂ ಅವರು ಒಪ್ಪಲಿಲ್ಲ. ಇದನ್ನು ಅನೇಕರು ಹೊಗಳಿ ಬರೆದಿದ್ದಾರೆ. ನಾನು ಹೊಗಳಲಾರೆನು. ರೋಗಿಗೆ ವಿಶ್ರಾಂತಿಯನ್ನು ವಿಧಿಸುವ ವೈದ್ಯನು ತನ್ನ ಶರೀರಕ್ಕೂ ಅದೇ ನ್ಯಾಯವನ್ನು ಕೊಡಬೇಕಾಗಿತ್ತು. ಅನ್ನ, ಚಳಿ, ಭಾಷೆ ಇವುಗಳಿಗೆ ಮನಸ್ಸನ್ನು ಒಗ್ಗಿಸಿಕೊಳ್ಳಬಹುದು. ರೋಗಕ್ಕೆ ಒಗ್ಗಿಕೊಳ್ಳುವದು ಸಾಧ್ಯವಲ್ಲ. ಆದರೆ ಗುಡಾರದ ಹೊರಗೆ ಗಾಯಪಟ್ಟವರು ಸಾಲಾಗಿ ಮಲಗಿರುವದನ್ನು ಕಂಡವರು ಅವರು, ನಾನು ಕಂಡವನಲ್ಲ.

1942ರ ಆಗಸ್ಟ್ ತಿಂಗಳಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ‘ಯಿನ್’ ಎಂದರೆ ಹಿಂದೂದೇಶ, ‘ಹ್ವಾ’ ಎಂದರೆ ಚೀನಾ. ಮಗುವಿಗೆ ಯಿನ್‌ಹ್ವಾ ಎಂದು ಹೆಸರಿಟ್ಟರು. ಅದೇ ವರುಷದ ಡಿಸೆಂಬರ್ 9ರಂದು ತಂದೆಯು ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಹೋದರು. ವಿದ್ಯಾರ್ಥಿಗಳಿಗಾಗಿ ಚೀನೀ ಭಾಷೆಯಲ್ಲಿ ಬರೆಯುತ್ತಿದ್ದ ಶಸ್ತ್ರಚಿಕಿತ್ಸೆಯ ಪುಸ್ತಕವು ಅರ್ಧಕ್ಕೆ ನಿಂತಿತು.