ಕಾರಿನ ಮೈಲೇಜ್ ಇಳಿದಾಗ: ಮೊದಲು ಕಾರಣ, ಆಮೇಲೆ ಖರ್ಚು



ಟ್ಯಾಂಕ್ ಭರ್ತಿ ಮಾಡಿಸಿ ಓಡಿಸಿರಿ, ಮತ್ತೆ ಭರ್ತಿ ಮಾಡಿಸಿರಿ. 240 ಕಿ.ಮೀ. ಓಟಕ್ಕೆ 20 ಲೀಟರ್ ಹಿಡಿದರೆ ಮೈಲೇಜ್ 12. ಇದು ಮೊದಲಿಗಿಂತ ಕಡಿಮೆಯಾಗಿದ್ದರೆ ಟೈರಿನ ಗಾಳಿ, ಏರ್ ಫಿಲ್ಟರ್, ಬ್ರೇಕಿನ ಹಿಡಿತ ನೋಡಿಸಿರಿ. ಸೊಕ್ಕೆ ಕಡೆಯ ಮಣ್ಣುದಾರಿಗಳಲ್ಲಿ ಓಡುವ ಗಾಡಿಗೆ ಧೂಳೇ ಮೊದಲ ಶತ್ರು.

ಇವೆಲ್ಲ ಸರಿಯಿದ್ದೂ ಗಾಡಿ ಏರಿನಲ್ಲಿ ಎಳೆಯದಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಅನುಮಾನ ಪಡಬಹುದು. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಈ ಡಬ್ಬಿ ಹೊಗೆಕೊಳವೆಯಲ್ಲಿರುತ್ತದೆ. ಒಳಗಿನ ಜೇನುಗೂಡಿನಂಥ ಜಾಲಕ್ಕೆ ಲೇಪಿಸಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳು ವಿಷಾನಿಲವನ್ನು ತಗ್ಗಿಸುತ್ತವೆ. ಜಾಲ ಕಟ್ಟಿಕೊಂಡರೆ ಹೊಗೆ ಹೊರಹೋಗದೆ ಎಂಜಿನ್ನಿಗೆ ಉಸಿರುಕಟ್ಟುತ್ತದೆ. ತಣ್ಣಗಿರುವಾಗ ಕೈಯಿಂದ ಮೆಲ್ಲಗೆ ತಟ್ಟಿರಿ. ಗಲಗಲ ಸದ್ದಾದರೆ ಒಳಗೆ ಒಡೆದಿರುವ ಸಂಭವ ಹೆಚ್ಚು.

ಅದು ತಾನಾಗಿ ಕೆಡುವುದು ಅಪರೂಪ. ಪ್ಲಗ್ ಸರಿಯಾಗಿ ಕಿಡಿ ಕೊಡದಿದ್ದರೆ ಉಳಿದ ಪೆಟ್ರೋಲ್ ಅಲ್ಲಿ ಉರಿದು ಜಾಲವನ್ನೇ ಕರಗಿಸುತ್ತದೆ. ಎಂಜಿನ್ ದೀಪ ಮಿನುಗತೊಡಗಿದರೆ ತಡಮಾಡಬಾರದು. ಮೂಲದೋಷ ತೀರಿಸದೆ ಹೊಸದನ್ನು ಹಾಕಿಸಿದರೆ ಅದೂ ಹಾಳಾಗುತ್ತದೆ. ಕಿತ್ತು ಖಾಲಿ ಕೊಳವೆ ಜೋಡಿಸುವುದು ಕಾನೂನಿಗೆ ವಿರುದ್ಧ.

ಕೊನೆಯದಾಗಿ, ಓಡಿಬಂದ ಗಾಡಿಯ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ಒಣ ಅಡಿಕೆಸಿಪ್ಪೆ, ತರಗೆಲೆ, ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿರಿ. ವರ್ಷಗಟ್ಟಲೆ ಸಾಕಿದ ತೋಟಕ್ಕೆ ಬೆಂಕಿ ಬಿದ್ದೀತು.

– ಕಾರ್ಯದರ್ಶಿ